ಎನ್‌ಬಿಎ ಆಟಗಾರರು ಸಪ್ಪೆಯಾದರೇ?

ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ನೋಡುತ್ತ ಬಂದ ಹಳಬರದು ಒಂದೇ ಕೊರಗು: ಡೆನಿಸ್ ರಾಡ್ಮನ್ ಅವರ ಬಣ್ಣದ ಕೂದಲಿನಂಥದ್ದು, ಅಲೆನ್ ಐವರ್ಸನ್ ಅವರ ಗತ್ತಿನಂಥದ್ದು ಈಗ ಎಲ್ಲಿ? ಕೊರಗಿನಲ್ಲಿ ಹುರುಳಿದೆ. ಕೊಡುವ ಕಾರಣಗಳು ಮಾತ್ರ ಹೆಚ್ಚಿನವು ತಪ್ಪು.

ತಪ್ಪು ಕಲ್ಪನೆ: ಹಿಂದೆ ಆಟಗಾರರು ಇಷ್ಟ ಬಂದಂತೆ ಇರಬಹುದಿತ್ತು.

ವಾಸ್ತವ: ಕಡಿವಾಣ ಹಳೆಯದೇ. ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ 1967ರಲ್ಲಿ ಚೆಂಡನ್ನು ಮೇಲಿನಿಂದ ಬುಟ್ಟಿಗೆ ತುರುಕುವ ಡಂಕ್ ಅನ್ನೇ ನಿಷೇಧಿಸಿತು; ನಿಷೇಧ ತೆರವಾದದ್ದು 1976ರಲ್ಲಿ. ಏಟು ಬಿದ್ದದ್ದು ಮುಂದೆ ಕರೀಂ ಅಬ್ದುಲ್ ಜಬ್ಬಾರ್ ಎಂದು ಹೆಸರಾದ ಏಳಡಿ ಎತ್ತರದ ಹುಡುಗನಿಗೆ. ಎನ್‌ಬಿಎಯದೇ ಪತ್ರಿಕೆಯೊಂದು ಐವರ್ಸನ್ ಇದ್ದ ಮುಖಪುಟದಲ್ಲಿ ಅವರ ಹಚ್ಚೆಗಳನ್ನು ಅಳಿಸಿ ಅಚ್ಚು ಹಾಕಿತ್ತು.

ತಪ್ಪು ಕಲ್ಪನೆ: 2005ರ ವಸ್ತ್ರಸಂಹಿತೆ ವ್ಯಕ್ತಿತ್ವವನ್ನೇ ಕೊಂದಿತು.

ವಾಸ್ತವ: ಕೊಲ್ಲಲು ಹೊರಟದ್ದು ನಿಜ. 2004ರ ನವೆಂಬರ್‌ನಲ್ಲಿ ಡೆಟ್ರಾಯಿಟ್ ಬಳಿಯ ಆಬರ್ನ್ ಹಿಲ್ಸ್‌ನಲ್ಲಿ ಆಟಗಾರರು ಪ್ರೇಕ್ಷಕರ ಮಧ್ಯೆ ನುಗ್ಗಿ ಹೊಡೆದಾಡಿದ್ದರು. ಲೀಗಿನ ಹೆಸರು ಕೆಟ್ಟಿತ್ತು. ಮರುವರ್ಷ ಕಮಿಷನರ್ ಡೇವಿಡ್ ಸ್ಟರ್ನ್, ಲೀಗಿನ ಕೆಲಸದಲ್ಲಿರುವಾಗ ಟೀ ಶರ್ಟು, ಟೋಪಿ, ಬಟ್ಟೆಯ ಮೇಲೆ ಕಾಣುವ ಚೈನು ಕೂಡದೆಂದರು. ಗುರಿ ಹಿಪ್‌ಹಾಪ್ ಪೀಳಿಗೆಯೆಂದು ಐವರ್ಸನ್ ಬಹಿರಂಗವಾಗಿಯೇ ಸಿಟ್ಟಾದರು. ಅವರ ಸಿಟ್ಟು ನ್ಯಾಯವಾದದ್ದೆಂದೇ ನನ್ನ ಅಭಿಪ್ರಾಯ. ಆದರೆ ಆದದ್ದು ಬೇರೆ. ಒಳ್ಳೆಯ ಬಟ್ಟೆ ತೊಡಲೇಬೇಕಾದ ಆಟಗಾರರು ಅದರಲ್ಲೇ ಪೈಪೋಟಿಗಿಳಿದರು. ರಸೆಲ್ ವೆಸ್ಟ್‌ಬ್ರೂಕ್‌ರಿಂದ ಶೇ ಗಿಲ್ಜಸ್ ಅಲೆಕ್ಸಾಂಡರ್‌ವರೆಗೆ, ಡ್ರೆಸ್ಸಿಂಗ್ ರೂಮಿಗೆ ಹೋಗುವ ಓಣಿಯೇ ಫ್ಯಾಷನ್ ರ‍್ಯಾಂಪ್ ಆಗಿಬಿಟ್ಟಿತು. ಇಷ್ಟಾದರೂ ಒಂದು ಅನುಮಾನ ಉಳಿಯುತ್ತದೆ: ಸ್ಟೈಲಿಸ್ಟ್ ಆರಿಸಿದ, ಬ್ರ್ಯಾಂಡ್ ಕೊಟ್ಟ ಕೋಟಿನಲ್ಲಿ ಆಟಗಾರನ ಸ್ವಂತದ್ದು ಎಷ್ಟು?

ತಪ್ಪು ಕಲ್ಪನೆ: ಅಂಕಿಅಂಶಗಳ ಲೆಕ್ಕಾಚಾರ ಬಂದು ಎಲ್ಲರೂ ಒಂದೇ ರೀತಿ ಆಡುತ್ತಾರೆ.

ವಾಸ್ತವ: ಅರ್ಧ ನಿಜ. ಮೂರು ಅಂಕದ ಗೆರೆ ಬಂದ 1979–80ರಲ್ಲಿ ತಂಡವೊಂದು ಪಂದ್ಯಕ್ಕೆ ಸರಾಸರಿ ಮೂರು ಸಲವೂ ಅಲ್ಲಿಂದ ಎಸೆಯುತ್ತಿರಲಿಲ್ಲ. 2024–25ರಲ್ಲಿ 37 ದಾಟಿತು. ನೂರಕ್ಕೆ 35 ಬಿದ್ದರೂ ಮೂರಂಕದ ಎಸೆತಕ್ಕೆ ಸರಾಸರಿ 1.05 ಅಂಕ, ಮಧ್ಯದೂರದ ಎರಡಂಕದ ಎಸೆತಕ್ಕೆ 40 ಬಿದ್ದರೂ 0.8. ಈ ಗಣಿತಕ್ಕೆ ತಂಡಗಳೆಲ್ಲ ತಲೆಬಾಗಿವೆ, ಆಟಕ್ಕೆ ಏಕತಾನ ಬಂದಿದೆ. ಆದರೂ ನೆಗೆಯಲಾಗದ ಮೈಯಲ್ಲಿ, ತಲೆ ಹಿಂದಿನಿಂದ ಪಾಸು ಕೊಡುತ್ತ ಮೂರು ಸಲ ಎಂವಿಪಿ (ವರ್ಷದ ಅತ್ಯುತ್ತಮ ಆಟಗಾರ) ಆದ ನಿಕೊಲಾ ಯೋಕಿಚ್ ಯಾರ ನಕಲು?

ತಪ್ಪು ಕಲ್ಪನೆ: ಈಗಿನವರು ಬಾಯಿ ಬಿಡುವುದಿಲ್ಲ.

ವಾಸ್ತವ: ಬಾಯಿ ಬಿಟ್ಟವರಿಗೆ ಹಿಂದೆ ಬೆಲೆ ತೆರಬೇಕಾಗುತ್ತಿತ್ತು. ಶಿಕಾಗೊ ಬುಲ್ಸ್‌ನ ಕ್ರೇಗ್ ಹಾಜಸ್ ಆಫ್ರಿಕನ್ ಉಡುಪಿನಲ್ಲಿ ಶ್ವೇತಭವನಕ್ಕೆ ಹೋಗಿ ಆಗಿನ ಅಧ್ಯಕ್ಷ ಹಿರಿಯ ಬುಷ್‌ಗೆ ಕಪ್ಪು ಜನರ ಬವಣೆಯ ಬಗ್ಗೆ ಪತ್ರ ಕೊಟ್ಟರು. 1992ರಲ್ಲಿ ತಂಡ ಅವರನ್ನು ಕೈಬಿಟ್ಟ ಮೇಲೆ ಯಾರೂ ಕರೆಯಲಿಲ್ಲ. 1996ರಲ್ಲಿ ರಾಷ್ಟ್ರಗೀತೆಗೆ ನಿಲ್ಲದ ಮಹಮೂದ್ ಅಬ್ದುಲ್ ರವೂಫ್ ಅಮಾನತಾದರು. 2020ರಲ್ಲಿ ಲೀಗ್ ತಾನೇ ಜೆರ್ಸಿಯ ಬೆನ್ನ ಮೇಲೆ ಸಾಮಾಜಿಕ ನ್ಯಾಯದ ಘೋಷಣೆ ಬರೆಸಿಕೊಳ್ಳಲು ಬಿಟ್ಟಿತು. ಆದರೆ ಮೊದಲೇ ಒಪ್ಪಿದ 29ರ ಪಟ್ಟಿಯಿಂದ ಮಾತ್ರ. ಅದೇ ಆಗಸ್ಟ್‌ನಲ್ಲಿ ವಿಸ್ಕಾನ್ಸಿನ್ ರಾಜ್ಯದ ಕೆನೋಷಾದಲ್ಲಿ ಪೊಲೀಸರು ಜೇಕಬ್ ಬ್ಲೇಕ್ ಎಂಬ ಕಪ್ಪು ವರ್ಣೀಯನಿಗೆ ಗುಂಡು ಹೊಡೆದಾಗ, ಅದೇ ರಾಜ್ಯದ ಮಿಲ್ವಾಕಿ ಬಕ್ಸ್ ತಂಡ ಯಾರ ಅಪ್ಪಣೆಯನ್ನೂ ಕಾಯದೆ ಅಂಕಣಕ್ಕೆ ಇಳಿಯಲಿಲ್ಲ. ಆ ದಿನದ ಮೂರೂ ಪಂದ್ಯಗಳನ್ನು ಲೀಗ್ ಮುಂದೂಡಬೇಕಾಯಿತು.