ಸುಮ್ಮನಿರುವ ಜಾಬುಗಳ ಸಂಗತಿ

ಬ್ಯಾಂಕು, ಕಾರ್ಖಾನೆ, ಸಗಟು ವ್ಯಾಪಾರಗಳ ಲೆಕ್ಕವನ್ನು ಹೊತ್ತು ನಡೆಸುವ ಮಧ್ಯಮ ಗಾತ್ರದ ಗಣಕಯಂತ್ರಗಳಲ್ಲಿ ಎ.ಎಸ್. 400 ಹೆಸರಾದುದು. 1988ರಲ್ಲಿ ಐ.ಬಿ.ಎಂ. ಸಂಸ್ಥೆಯು ಹೊರತಂದ ಈ ಯಂತ್ರದ ಸಂತತಿಯು ಇಂದು 'ಐ.ಬಿ.ಎಂ. ಐ' ಎಂಬ ಹೆಸರಿನಿಂದ ಬಾಳುತ್ತಿದೆ. ಇದರ ರಾತ್ರಿಪಾಳಿ ಕಾಯುವವರ ಪರದೆಯ ಮೇಲೆ 'ಕ್ಯೂಝಡ್‌ಡಿಎಎಸ್‌ಒಇನಿಟ್' ಎಂಬ ಒಂದೇ ಹೆಸರು ನೂರಾರು ಸಾಲುಗಳಲ್ಲಿ ಕಾಣುವುದುಂಟು. ಹೊರಗಿನ ಯಂತ್ರಗಳು ಒಡಿಬಿಸಿ, ಜೆಡಿಬಿಸಿ ಮಾರ್ಗವಾಗಿ ದತ್ತಸಂಚಯವನ್ನು ಅರಸಿ ಬಂದಾಗ ಉತ್ತರ ಕೊಡುವ ಜಾಬುಗಳಿವು. ಬಹಳಷ್ಟು ಸುಮ್ಮನೆ ಕುಳಿತಿರುತ್ತವೆ. ಇವನ್ನೆಲ್ಲ ಒಮ್ಮೆಗೇ ಕೊನೆಗಾಣಿಸಬಾರದೇಕೆ ಎಂಬ ಪ್ರಶ್ನೆ ಸಹಜವೇ. ಆದರೆ ಸುಮ್ಮನಿರುವುದರಲ್ಲಿಯೂ ಎರಡು ಬಗೆಗಳಿವೆ.

ಮದುವೆಯ ಮನೆಯಲ್ಲಿ ಪಂಕ್ತಿ ಕೂರುವ ಮುನ್ನವೇ ಬಡಿಸುವವರು ಸಿದ್ಧರಾಗಿ ನಿಂತಿರುವುದಿಲ್ಲವೆ? ಮೊದಲ ಬಗೆಯ ಜಾಬುಗಳು ಅಂಥವು. ಪ್ರತಿ ಸಂಪರ್ಕಕ್ಕೂ ಹೊಸ ಜಾಬು ಹುಟ್ಟಿಸಲು ಕಾಲ ಹಿಡಿಯುವುದರಿಂದ ಯಂತ್ರವು ಅವನ್ನು ಮುಂಚಿತವಾಗಿಯೇ ಆರಂಭಿಸಿಡುತ್ತದೆ. ಅವುಗಳ ಮುಂದೆ 'ಪಿಎಸ್‌ಆರ್‌ಡಬ್ಲ್ಯು' ಎಂಬ ಗುರುತಿರುತ್ತದೆ. ಸಿದ್ಧವಿರುವವು ಗೊತ್ತುಪಡಿಸಿದ ಮಿತಿಗಿಂತ ಕಡಮೆಯಾದರೆ ಹೊಸವು ಸೇರುತ್ತವೆ. ಹೆಚ್ಚಾದರೆ ಯಂತ್ರವೇ ಮೆಲ್ಲಮೆಲ್ಲನೆ ಕಡಮೆ ಮಾಡುತ್ತದೆ. ಇವುಗಳಿಗೆ ಕೈಹಚ್ಚುವ ಅಗತ್ಯ ಸಾಮಾನ್ಯವಾಗಿ ಬಾರದು.

ಎರಡನೆಯವು ಉಂಡು ಮುಗಿದರೂ ಎಲೆ ಬಿಟ್ಟೇಳದ ಅತಿಥಿಗಳಂತೆ. ಸಂಪರ್ಕ ಕಡಿದಿಲ್ಲ, ಕೆಲಸವೂ ಇಲ್ಲ. ಹೊರಗಿನ ತಂತ್ರಾಂಶವು ಸಂಪರ್ಕಗಳನ್ನು ಹಿಡಿದಿಟ್ಟುಕೊಂಡಿರಬಹುದು; ಅಥವಾ ಆ ಬದಿಯ ಯಂತ್ರ ಹೇಳದೆ ಕೇಳದೆ ನಂದಿರಬಹುದು. ಅತ್ತ ಕಡೆ ಜೀವವಿದೆಯೇ ಎಂದು ವಿಚಾರಿಸಲು ಈ ಯಂತ್ರವು ವಾಡಿಕೆಯಂತೆ 120 ನಿಮಿಷ ಕಾಯುತ್ತದೆ. ಅಷ್ಟು ಹೊತ್ತೂ ಆ ಜಾಬು ಯಾವುದೋ ದಾಖಲೆಗೆ ಬೀಗ ಹಾಕಿಕೊಂಡು ಕುಳಿತಿರುವ ಸಂಭವವುಂಟು.

ಅಪಾಯವಿರುವುದು ಇಲ್ಲಿ. ಇಂಥ ಜಾಬನ್ನು ಬಲವಂತವಾಗಿ ಮುಗಿಸಿದಾಗ, ಕಮಿಟ್‌ಮೆಂಟ್ ನಿಯಂತ್ರಣವಿದ್ದಲ್ಲಿ ಅರೆಬರೆ ಬದಲಾವಣೆಗಳು ಹಿಂದೆ ಸರಿಯುತ್ತವೆ. ಇಲ್ಲದಿದ್ದಲ್ಲಿ ಅರ್ಧ ಬರೆದ ಲೆಕ್ಕ ಹಾಗೆಯೇ ಉಳಿಯಬಹುದು. ಆದುದರಿಂದ ಯಾರ ಪರವಾಗಿ, ಯಾವ ಯಂತ್ರದಿಂದ ಬಂದ ಜಾಬು, ಬೀಗವೇನಾದರೂ ಇದೆಯೇ ಎಂಬುದನ್ನು ಮೊದಲು ನೋಡತಕ್ಕದ್ದು. ಬಳಿಕ ಹೊರಗಿನ ತಂತ್ರಾಂಶದಲ್ಲಿಯೇ ಸುಮ್ಮನಿರುವ ಸಂಪರ್ಕಕ್ಕೆ ಕಾಲಮಿತಿ ವಿಧಿಸುವುದು ಮೇಲು. 'ಡಿಎಸ್‌ಪಿಎಸಿಟಿಪಿಜೆ' ಎಂಬ ಆಜ್ಞೆಯು ಸಾಮಾನ್ಯ ಬಳಕೆಯನ್ನೂ ಗರಿಷ್ಠ ಬಳಕೆಯನ್ನೂ ತೋರಿಸುತ್ತದೆ. ಆರಂಭದಲ್ಲಿ ಎಷ್ಟು ಜಾಬುಗಳಿರಬೇಕೆಂಬುದನ್ನು ಅದನ್ನನುಸರಿಸಿ ನಿರ್ಧರಿಸಬಹುದು.

ಸಾಲುಗಳ ಸಂಖ್ಯೆ ಕಂಡು ಬೆದರುವುದಕ್ಕಿಂತ ಒಂದೊಂದು ಸಾಲು ಏತಕ್ಕಾಗಿ ಕಾದಿದೆಯೆಂದು ಅರಿಯುವುದೇ ಜಾಣತನವೆಂದು ನಮ್ಮ ಅಭಿಪ್ರಾಯ.