ಮರದಲ್ಲಿ ಮೊದಲು ಹಾರಿದ ಮಾರುತ

ಕಳೆದ ವರ್ಷ ನಮ್ಮ ಕಾಲೇಜಿನ ಇಪ್ಪತ್ತೆರಡು ಜನ ಸೇರಿ ಒಂದು ರೇಸ್ ಕಾರು ಕಟ್ಟಿದೆವು. ಒಂದೇ ಸೀಟು, ನಾಲ್ಕು ತೆರೆದ ಚಕ್ರ, ಬೆನ್ನ ಹಿಂದೆ ಬೈಕಿನ ಎಂಜಿನ್. ಎಂಜಿನಿಯರಿಂಗ್ ವಿದ್ಯಾರ್ಥಿಗಳು ತಾವೇ ಕಟ್ಟಿದ ಕಾರು ತಂದು ಓಡಿಸುವ ಸ್ಪರ್ಧೆಯೊಂದಕ್ಕೆ ಅದನ್ನು ಲಾರಿಯಲ್ಲಿ ಹೇರಿಕೊಂಡು ಹೋದೆವು. ಓಡಿಸಲಿಲ್ಲ. ಓಡಿಸಲು ಬಿಡಲಿಲ್ಲ ಎಂದರೆ ಸರಿ.

ಟ್ರ್ಯಾಕಿಗೆ ಇಳಿಯುವ ಮೊದಲು ಕಾರಿನ ತಪಾಸಣೆ ಇರುತ್ತದೆ. ಚಾಲಕನ ಕಾಲು ಸುರಕ್ಷಿತವಾಗಿ ಒಳಗೆ ಹೋಗಿ ಹೊರಗೆ ಬರುತ್ತದೆಯೇ ಎಂದು ನೋಡಲು, ನಿಗದಿತ ಅಳತೆಯ ಒಂದು ಹಲಗೆಯನ್ನು ಕಾಲಿಡುವ ಜಾಗದಲ್ಲಿ ಪೆಡಲ್‌ವರೆಗೆ ತೂರಿಸುತ್ತಾರೆ. ನಮ್ಮ ಕಾರಿನಲ್ಲಿ ಆ ಹಲಗೆ ಅರ್ಧ ದಾರಿಯಲ್ಲಿ ಟಕ್ ಎಂದು ನಿಂತಿತು. ಸ್ಟೀರಿಂಗ್ ಸರಳನ್ನು ಹಿಡಿಯಲು ಕೊನೆಯ ವಾರ ವೆಲ್ಡ್ ಮಾಡಿದ್ದ ಒಂದು ಬ್ರಾಕೆಟ್‌ಗೆ ತಾಗಿತ್ತು. ಕಂಪ್ಯೂಟರ್‌ನಲ್ಲಿ ಬಿಡಿಸಿದ ಚಿತ್ರದಲ್ಲಿ ಹಲಗೆ ಸಲೀಸಾಗಿ ಹಾದುಹೋಗುತ್ತಿತ್ತು. ಯಾಕೆಂದರೆ ಆ ಚಿತ್ರದಲ್ಲಿ ನಾವು ಬ್ರಾಕೆಟ್ಟನ್ನೇ ಬಿಡಿಸಿರಲಿಲ್ಲ. ರಾತ್ರಿಯೆಲ್ಲ ಗ್ರೈಂಡರ್ ಹಿಡಿದು ಕತ್ತರಿಸಿ, ಬೇರೆ ಕಡೆ ಬೆಸೆದು ಮುಗಿಸುವಷ್ಟರಲ್ಲಿ ತಪಾಸಣೆಯ ಅವಧಿ ಮುಗಿದಿತ್ತು. ಉಳಿದ ಎರಡು ದಿನ ಬೇರೆಯವರ ಕಾರು ಓಡುವುದನ್ನು ಗ್ಯಾಲರಿಯಲ್ಲಿ ಕೂತು ನೋಡಿದೆವು.

ಊರಿಗೆ ಬಂದ ಮೇಲೆ ನಾನು ಮಾಡಿದ ಮೊದಲ ಕೆಲಸ, ನನ್ನ ರೆಸ್ಯೂಮೆಯಿಂದ ಆ ಕಾರನ್ನು ಅಳಿಸಿಹಾಕಿದ್ದು. ಕ್ಯಾಂಪಸ್ ಸಂದರ್ಶನಗಳು ಹತ್ತಿರವಿದ್ದವು. ‘ಕಾರು ಎಷ್ಟನೇ ಸ್ಥಾನ ಬಂತು?’ ಎಂದು ಯಾರಾದರೂ ಕೇಳಿದರೆ ಏನು ಹೇಳುವುದು?

ಅಳಿಸಿದ್ದನ್ನು ಮತ್ತೆ ಬರೆಯುವಂತೆ ಮಾಡಿದವರು ನನ್ನ ತಾತ. ಅದಕ್ಕೆ ಅವರು ಹೇಳಿದ್ದು ಕಾರಿನ ಕತೆಯನ್ನಲ್ಲ, ವಿಮಾನದ ಕತೆಯನ್ನು.

ನಮ್ಮ ಮನೆ ಇರುವುದು ವಿಮಾನಪುರದ ಹತ್ತಿರ. ತಾತ 1966ರಲ್ಲಿ ಎಚ್‌ಎಎಲ್‌ಗೆ ಸೇರಿ ಮೂವತ್ತೆಂಟು ವರ್ಷ ದುಡಿದವರು. ಮೊದಲ ಕೆಲಸ ವಿಮಾನದ ಮೈಗೆ ರಿವೆಟ್ ಹೊಡೆಯುವುದು. ಆ ವಿಮಾನದ ಹೆಸರು ಎಚ್‌ಎಫ್–24 ಮಾರುತ. ಈಗಲೂ ಅದರ ಮಾತು ಬಂದರೆ ತಾತನ ಬೆರಳು ತಾನಾಗಿ ಮೇಜಿನ ಮೇಲೆ ಸಾಲಾಗಿ ಕುಟ್ಟತೊಡಗುತ್ತದೆ.

ಕಾರಿನ ಕತೆ ಕೇಳಿದ ಮರುದಿನ ಬೆಳಿಗ್ಗೆ ತಾತ ಚಪ್ಪಲಿ ಮೆಟ್ಟಿಕೊಂಡು, ‘ಬಾ ಪುಟ್ಟಿ, ಒಂದು ಕಡೆ ಹೋಗಿ ಬರೋಣ’ ಎಂದರು. ಹೋಗಿದ್ದು ಹಳೇ ಏರ್‌ಪೋರ್ಟ್ ರಸ್ತೆಯಲ್ಲಿರುವ ಎಚ್‌ಎಎಲ್ ಹೆರಿಟೇಜ್ ಸೆಂಟರ್‌ಗೆ. ಅಂಗಳದಲ್ಲಿ ಚೂಪು ಮೂತಿಯ, ಹಿಂದಕ್ಕೆ ಬಾಗಿದ ರೆಕ್ಕೆಯ ಮಾರುತ ನಿಂತಿದೆ. ಚಿಕ್ಕಂದಿನಲ್ಲಿ ಶಾಲೆಯವರ ಜೊತೆ ಬಂದು ಅದರ ಮುಂದೆ ಫೋಟೊ ತೆಗೆಸಿಕೊಂಡಿದ್ದೆ. ತಾತ ಅದರ ಹೊಟ್ಟೆಯ ಕೆಳಗೆ ಬಗ್ಗಿ ನೋಡುತ್ತಾ ಕೇಳಿದರು: ‘ಇದು ಮೊದಲು ಯಾವುದರಲ್ಲಿ ಮಾಡಿದ್ದು ಗೊತ್ತಾ? ಮರದಲ್ಲಿ.’

ನಾನು ತಮಾಷೆ ಅಂದುಕೊಂಡೆ. ಮನೆಗೆ ಬಂದು ಹುಡುಕಿ ಓದಿದ ಮೇಲೆ ನಂಬಿಕೆ ಬಂತು.

1950ರ ದಶಕದ ಮಧ್ಯಭಾಗ. ನಮ್ಮ ವಾಯುಪಡೆಗೆ ಶಬ್ದದ ವೇಗದ ಎರಡು ಪಟ್ಟು ವೇಗದಲ್ಲಿ ಹಾರಬಲ್ಲ, ದೇಶದೊಳಗೇ ವಿನ್ಯಾಸಗೊಂಡ ಯುದ್ಧವಿಮಾನ ಬೇಕಿತ್ತು. ಆ ಹೊತ್ತಿಗೆ ಎಚ್‌ಎಎಲ್ ಸ್ವಂತವಾಗಿ ವಿನ್ಯಾಸ ಮಾಡಿ ಯಶಸ್ವಿಯಾಗಿದ್ದ ವಿಮಾನವೆಂದರೆ ಎಚ್‌ಟಿ–2. ಡಾ. ವಿ.ಎಂ. ಘಾಟ್ಗೆ ಅವರ ಮುಂದಾಳತ್ವದಲ್ಲಿ ರೂಪುಗೊಂಡು 1951ರ ಆಗಸ್ಟ್‌ನಲ್ಲಿ ಹಾರಿದ ಅದು ಮೂತಿಯಲ್ಲಿ ಪ್ರೊಪೆಲರ್ ಇದ್ದ, ಕಲಿಯುವವರಿಗಾಗಿ ಮಾಡಿದ ಪುಟ್ಟ ವಿಮಾನ. ಅಲ್ಲಿಂದ ಒಂದೇ ನೆಗೆತಕ್ಕೆ ಜೆಟ್ ಯುದ್ಧವಿಮಾನ! ಸ್ಕೂಟಿ ಮಾಡಿದ ಮರುವರ್ಷವೇ ಫಾರ್ಮುಲಾ ಒನ್ ಕಾರು ಮಾಡುತ್ತೇವೆ ಎಂದ ಹಾಗೆ.

1956ರಲ್ಲಿ ಜರ್ಮನಿಯ ಹೆಸರಾಂತ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ಬೆಂಗಳೂರಿಗೆ ಬಂದರು. ಎರಡನೇ ಮಹಾಯುದ್ಧದ ಕಾಲದ ಫೋಕೆ–ವುಲ್ಫ್ 190 ವಿಮಾನ ಅವರದೇ ಸೃಷ್ಟಿ. ಯುದ್ಧದ ನಂತರ ಅರ್ಜೆಂಟೀನಾದಲ್ಲಿ ಜೆಟ್ ವಿಮಾನ ಕಟ್ಟಿ, ಅಲ್ಲಿಂದ ಇಲ್ಲಿಗೆ ಬಂದವರು. ಜೊತೆಗೆ ಜರ್ಮನ್ ಎಂಜಿನಿಯರುಗಳ ಸಣ್ಣ ತಂಡ. ಉಳಿದವರೆಲ್ಲ ನಮ್ಮವರು, ಹೆಚ್ಚಿನವರು ಕೆಲಸಕ್ಕೆ ಹೊಸಬರು. ಮೊದಲ ಮಾದರಿ ಕಟ್ಟಲು ಬೇಕಾದ ಹ್ಯಾಂಗರ್ ಇರಲಿಲ್ಲ. ರೆಕ್ಕೆಯ ಬಲವನ್ನು ಪರೀಕ್ಷಿಸುವ ಸಲಕರಣೆ ಇರಲಿಲ್ಲ. ಇಂಥ ವಿಮಾನಕ್ಕೆ ಸಾಕಾಗುವಷ್ಟು ಉದ್ದದ ರನ್‌ವೇ ಕೂಡ ಇರಲಿಲ್ಲ. ಕೆಲಸ ಕಲಿಯುವುದು, ಕೆಲಸದ ಜಾಗ ಕಟ್ಟುವುದು, ಕೆಲಸ ಮಾಡುವುದು ಮೂರೂ ಒಟ್ಟಿಗೇ ನಡೆಯಬೇಕಿತ್ತು.

ಇಷ್ಟೆಲ್ಲ ಅವಸರವಿದ್ದರೂ ಅವರು ನೇರವಾಗಿ ಲೋಹಕ್ಕೆ ಕೈ ಹಾಕಲಿಲ್ಲ. ಮೊದಲು ಮಾರುತದ ಪೂರ್ಣ ಗಾತ್ರದ, ಇಬ್ಬರು ಕೂರಬಲ್ಲ ಗ್ಲೈಡರ್ ಒಂದನ್ನು ಮರದಲ್ಲಿ ಮಾಡಿದರು. ಅದೇ ಮೂತಿ, ಅದೇ ರೆಕ್ಕೆ, ಅದೇ ಬಾಲ. ಎಂಜಿನ್ ಮಾತ್ರ ಇಲ್ಲ. 1959ರಲ್ಲಿ ಅದನ್ನು ಡಕೋಟಾ ವಿಮಾನದ ಹಿಂದೆ ಹಗ್ಗಕ್ಕೆ ಕಟ್ಟಿ ಎಳೆದುಕೊಂಡು ಮೇಲೇರಿದರು. ಸಾಕಷ್ಟು ಎತ್ತರದಲ್ಲಿ ಹಗ್ಗ ಬಿಟ್ಟರು. ಎಂಜಿನ್ ಇಲ್ಲದ ಆ ‘ಯುದ್ಧವಿಮಾನ’ ತೇಲುತ್ತಾ ಬಂದು ನೆಲಕ್ಕಿಳಿಯಿತು. ಹೀಗೆ ಒಂದಲ್ಲ ಎರಡಲ್ಲ, 78 ಬಾರಿ ಹಾರಿಸಿದರು.

ಯಾಕೆ ಇಷ್ಟು ಶ್ರಮ? ಹಿಂದಕ್ಕೆ ಬಾಗಿದ ರೆಕ್ಕೆಯ ವಿಮಾನಗಳಿಗೆ ವೇಗ ಒಗ್ಗುತ್ತದೆ. ವೇಗ ಕಡಿಮೆಯಾದಾಗ, ಅಂದರೆ ಇಳಿಯುವಾಗ, ಅವುಗಳನ್ನು ಹಿಡಿತದಲ್ಲಿಡುವುದು ಕಷ್ಟ. ಮಾರುತ ಕಡಿಮೆ ವೇಗದಲ್ಲಿ ಹೇಗೆ ವರ್ತಿಸುತ್ತದೆ, ಪೈಲಟ್‌ನ ಕೈಗೆ ಹೇಗೆ ಸ್ಪಂದಿಸುತ್ತದೆ ಎಂಬುದನ್ನು ಎಂಜಿನ್ ಇಲ್ಲದೆಯೂ ತಿಳಿಯಬಹುದಿತ್ತು. ಮರದಲ್ಲಿ ತಪ್ಪಾದರೆ ತಿದ್ದಲು ಬಡಗಿ ಸಾಕು. ಲೋಹದಲ್ಲಿ ತಪ್ಪಾದರೆ ಅಚ್ಚು, ಜಿಗ್ ಎಲ್ಲವನ್ನೂ ಮತ್ತೆ ಮಾಡಬೇಕು.

ಆ ಮೇಲೆ ಬಂತು ನಿಜವಾದ ಮೊದಲ ಮಾದರಿ. ಸಂಖ್ಯೆ ಬಿಆರ್ 461. 1961ರ ಜೂನ್ 17ರಂದು ವಿಂಗ್ ಕಮಾಂಡರ್ ಸುರಂಜನ್ ದಾಸ್ ಅದನ್ನು ಬೆಂಗಳೂರಿನ ಆಕಾಶಕ್ಕೆ ಕೊಂಡೊಯ್ದರು. ಟ್ಯಾಂಕ್ ಬಂದು ಐದು ವರ್ಷವೂ ತುಂಬಿರಲಿಲ್ಲ. ಒಂದು ವಾರ ಕಳೆದು ರಕ್ಷಣಾ ಸಚಿವ ವಿ.ಕೆ. ಕೃಷ್ಣ ಮೆನನ್ ಅವರ ಮುಂದೆ ಮತ್ತೆ ಹಾರಿಸಿ ತೋರಿಸಿದರು.

ಕತೆ ಇಲ್ಲಿಗೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು! ಆದರೆ ತಾತ ನನಗೆ ಹೇಳಬೇಕೆಂದಿದ್ದು ಮುಂದಿನ ಭಾಗವನ್ನು.

ಮಾರುತವನ್ನು ವಿನ್ಯಾಸ ಮಾಡಿದ್ದು ಬ್ರಿಟನ್‌ನ ಆರ್ಫಿಯಸ್ ಎಂಜಿನ್‌ನ ಹೆಚ್ಚು ಶಕ್ತಿಯ ಹೊಸ ಆವೃತ್ತಿಗಾಗಿ. ಅದು ಆಫ್ಟರ್‌ಬರ್ನರ್ ಸೇರಿ ಸುಮಾರು 3,700 ಕೆ.ಜಿ.ಯಷ್ಟು ನೂಕುಬಲ ಕೊಡಬೇಕಿತ್ತು. ಆ ಎಂಜಿನ್‌ನ ಅಭಿವೃದ್ಧಿಯೇ ನಿಂತುಹೋಯಿತು. ಮುಂದುವರಿಸಬೇಕಾದರೆ ಖರ್ಚನ್ನು ಭಾರತವೇ ಹೊರಬೇಕಿತ್ತು, ಅದು ಆಗಲಿಲ್ಲ. ಕೈಯಲ್ಲಿದ್ದ ಆರ್ಫಿಯಸ್ 703 ಎಂಜಿನ್‌ಗಳನ್ನೇ ಎರಡು ಕೂರಿಸಿದರು. ಅವುಗಳಲ್ಲಿ ಒಂದೊಂದರ ಬಲ ಸುಮಾರು 2,200 ಕೆ.ಜಿ. ಮಾತ್ರ. ಶಬ್ದದ ಎರಡು ಪಟ್ಟು ವೇಗಕ್ಕೆಂದು ಹುಟ್ಟಿದ ವಿಮಾನ ಆ ವೇಗದ ಹತ್ತಿರಕ್ಕೂ ಹೋಗಲಿಲ್ಲ.

ಸೋತು ಕೂರಲಿಲ್ಲ, ಎಂಜಿನ್ ಹುಡುಕುತ್ತಲೇ ಇದ್ದರು. ಒಂದು ಮಾರುತವನ್ನು ಈಜಿಪ್ಟ್‌ಗೆ ಕಳಿಸಿ ಅಲ್ಲಿ ತಯಾರಾಗುತ್ತಿದ್ದ ಇ–300 ಎಂಜಿನ್ ಹಾಕಿ 1967ರಲ್ಲಿ ಹಾರಿಸಿ ನೋಡಿದರು. ಆ ಎಂಜಿನ್‌ನ ಯೋಜನೆಯೂ ಮುಂದೆ ನಿಂತಿತು. ಇದ್ದ ಆರ್ಫಿಯಸ್‌ಗೇ ಆಫ್ಟರ್‌ಬರ್ನರ್ ಜೋಡಿಸುವ ಪ್ರಯತ್ನ ಬೆಂಗಳೂರಿನಲ್ಲೇ ನಡೆಯಿತು. ಹಾಗೆ ಮಾರ್ಪಡಿಸಿದ ಮಾರುತವೊಂದು 1970ರ ಜನವರಿ 10ರಂದು ಪತನವಾಯಿತು. ಅದರಲ್ಲಿದ್ದವರು, ಮೊದಲ ಮಾದರಿಯನ್ನು ಹಾರಿಸಿದ ಅದೇ ಸುರಂಜನ್ ದಾಸ್. ಅವರು ಬದುಕುಳಿಯಲಿಲ್ಲ.

ಹಳೇ ಮದ್ರಾಸ್ ರಸ್ತೆಯಿಂದ ಹಳೇ ಏರ್‌ಪೋರ್ಟ್ ರಸ್ತೆಯ ಕಡೆಗೆ ಬರುವ ಸುರಂಜನ್ ದಾಸ್ ರಸ್ತೆಯಲ್ಲಿ ನಾಲ್ಕು ವರ್ಷ ನಾನು ಬಸ್ಸಿನಲ್ಲಿ ಓಡಾಡಿದ್ದೇನೆ. ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು ಆ ರಸ್ತೆಯನ್ನು ಬೈದಿದ್ದೇನೆ. ಅದು ಯಾರ ಹೆಸರು ಎಂದು ಒಂದು ದಿನವೂ ಕೇಳಿಕೊಂಡಿರಲಿಲ್ಲ.

‘ಹಾಗಾದ್ರೆ ಮಾರುತ ಸೋತಿತಾ ತಾತ?’ ಎಂದು ಕೇಳಿದೆ.

ತಾತ ತಕ್ಷಣ ಉತ್ತರಿಸಲಿಲ್ಲ. ಒಟ್ಟು 147 ಮಾರುತಗಳು ತಯಾರಾದವು. 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ತಗ್ಗಿನಲ್ಲಿ ಹಾರಿ ದಾಳಿ ಮಾಡಿದವು. ಗುಂಡೇಟಿಗೆ ಒಂದು ಎಂಜಿನ್ ಕೆಟ್ಟರೂ ಇನ್ನೊಂದರ ಬಲದಲ್ಲೇ ನೆಲೆಗೆ ಮರಳಿದ ಉದಾಹರಣೆಗಳಿವೆ. 1990ರ ವೇಳೆಗೆ ಸೇವೆಯಿಂದ ಹೊರಬಂದವು. ಇದನ್ನೆಲ್ಲ ನಾನು ಓದಿ ತಿಳಿದೆ. ತಾತ ಹೇಳಿದ್ದು ಇಷ್ಟು:

‘ಮರದ ವಿಮಾನಕ್ಕೆ ಏನು ಕೇಳಿದರೋ ಅದಕ್ಕೆ ಅದು ಸರಿಯಾದ ಉತ್ತರ ಕೊಡ್ತು ಪುಟ್ಟಿ. ರೆಕ್ಕೆ ಸರಿ ಇದೆಯಾ ಅಂತ ಕೇಳಿದ್ರು, ಇದೆ ಅಂತು. ಎಂಜಿನ್ ಬರುತ್ತಾ ಅಂತ ಮರಕ್ಕೆ ಏನು ಗೊತ್ತು? ನಮ್ಮ ರೆಕ್ಕೆ ಯಾವತ್ತೂ ಕೈ ಕೊಡಲಿಲ್ಲ.’

‘ನಮ್ಮ ರೆಕ್ಕೆ’ ಎನ್ನುವಾಗ ಅವರ ದನಿ ಸ್ವಲ್ಪ ಏರಿತ್ತು. ಆಮೇಲೆ ನನ್ನ ಕಡೆ ತಿರುಗಿ, ‘ನಿಮ್ಮ ಕಾರಿಗೆ ಮರದ್ದು ಮಾಡಿದ್ರಾ?’ ಎಂದರು.

ಮಾಡಿರಲಿಲ್ಲ. ಇಂಥ ಕಾರು ಕಟ್ಟುವ ತಂಡಗಳು ಉಕ್ಕಿನ ಕೊಳವೆ ಕತ್ತರಿಸುವ ಮೊದಲು, ನೀರಿನ ಪೈಪಿಗೆ ಬಳಸುವ ಪಿವಿಸಿ ಕೊಳವೆಯಲ್ಲೇ ಕಾರಿನ ಚೌಕಟ್ಟನ್ನು ಪೂರ್ಣ ಗಾತ್ರದಲ್ಲಿ ಕಟ್ಟಿ ಒಳಗೆ ಕೂತು ನೋಡುವುದುಂಟು. ನಮ್ಮ ಪಟ್ಟಿಯಲ್ಲೂ ಅದಿತ್ತು. ಅದಕ್ಕೆ ಮೀಸಲಿಟ್ಟ ಎರಡು ವಾರ ಉಳಿಸೋಣ ಎಂದು ಮೀಟಿಂಗ್‌ನಲ್ಲಿ ಹೇಳಿದವಳು ನಾನೇ. ‘ಎಲ್ಲ ಕಂಪ್ಯೂಟರ್‌ನಲ್ಲಿ ಕಾಣುತ್ತಲ್ಲ’ ಎಂದಿದ್ದೆ. ಎಲ್ಲರೂ ಒಪ್ಪಿದರು. ಪೈಪಿನ ಚೌಕಟ್ಟಿನೊಳಗೆ ನಮ್ಮ ಡ್ರೈವರ್‌ನನ್ನು ಕೂರಿಸಿ ಕೈಗೆ ಸ್ಟೀರಿಂಗ್ ಕೊಟ್ಟಿದ್ದರೆ, ‘ಇದನ್ನು ಹಿಡಿದುಕೊಳ್ಳುವುದು ಯಾವುದು?’ ಎಂದು ಅವನೇ ಕೇಳುತ್ತಿದ್ದ. ಆ ಬ್ರಾಕೆಟ್‌ಗೆ ಅಂದೇ ಒಂದು ಜಾಗ ಸಿಗುತ್ತಿತ್ತು.

ನನಗೆ ಅಲ್ಲಿಯವರೆಗೆ ಮೊದಲ ಮಾದರಿ ಎಂದರೆ ಎಲ್ಲರಿಗೂ ತೋರಿಸಬೇಕಾದ ವಸ್ತು. ಬಣ್ಣ ಬಳಿದು, ಸ್ಟಿಕರ್ ಅಂಟಿಸಿ, ಫೋಟೊ ತೆಗೆಸಬೇಕಾದದ್ದು. ಮಾರುತದ ಕತೆ ಕೇಳಿದ ಮೇಲೆ ಅದು ನಾವು ಕೇಳುವ ಒಂದು ಪ್ರಶ್ನೆ ಎಂದು ಅರ್ಥವಾಯಿತು. ಕಡಿಮೆ ಖರ್ಚಿನಲ್ಲಿ, ತಪ್ಪಿಗೆ ಇನ್ನೂ ಅವಕಾಶವಿರುವಾಗ ಕೇಳುವ ಪ್ರಶ್ನೆ. ಕೇಳಿದ್ದಕ್ಕೆ ಮಾತ್ರ ಉತ್ತರ ಸಿಗುತ್ತದೆ. ನಾವು ಕೇಳಲೇ ಇಲ್ಲ. ತಪಾಸಣೆಯವರು ಹಲಗೆ ಹಿಡಿದು ಬಂದು ಕೇಳಿದರು.

ರೆಸ್ಯೂಮೆಯಲ್ಲಿ ಕಾರನ್ನು ಮತ್ತೆ ಸೇರಿಸಿದೆ. ಮುಂದಿನ ತಿಂಗಳು ಒಂದು ಸಂದರ್ಶನದಲ್ಲಿ ಅಂದುಕೊಂಡಿದ್ದ ಪ್ರಶ್ನೆ ಬಂದೇ ಬಂತು: ‘ನಿಮ್ಮ ಕಾರು ಎಷ್ಟನೇ ಸ್ಥಾನ?’ ‘ಓಡಲಿಲ್ಲ ಸರ್’ ಎಂದೆ. ಅಂಗೈ ಬೆವರಿತ್ತು. ‘ಯಾಕೆ?’ ಎಂದರು. ಬ್ರಾಕೆಟ್‌ನ ಕತೆ ಹೇಳಿದೆ, ಎರಡು ವಾರ ಉಳಿಸಲು ಹೇಳಿದ್ದು ನಾನೇ ಎಂಬುದನ್ನೂ ಹೇಳಿದೆ. ಅವರು ಹಾಳೆಯೊಂದನ್ನು ನನ್ನ ಕಡೆ ತಳ್ಳಿ, ‘ಬ್ರಾಕೆಟ್ ಎಲ್ಲಿತ್ತು, ಈಗಾದರೆ ಎಲ್ಲಿಡುತ್ತೀರಿ, ಬರೆದು ತೋರಿಸಿ’ ಎಂದರು. ಉಳಿದ ಇಪ್ಪತ್ತು ನಿಮಿಷ ಅದೇ ಹಾಳೆಯ ಮೇಲೆ ಮಾತು ನಡೆಯಿತು. ಫಲಿತಾಂಶ ಇನ್ನೂ ಬಂದಿಲ್ಲ. ಬರದೇ ಹೋಗಬಹುದು. ಆದರೆ ಅಷ್ಟು ಹೊತ್ತು ನಾನು ನಿಜವಾಗಿ ಬಲ್ಲ ವಿಷಯವನ್ನು ಮಾತಾಡಿದ ಸಂದರ್ಶನ ಅದೊಂದೇ.

ನನ್ನ ಹಾಗೆಯೇ ಕೆಲಸ ಹುಡುಕುತ್ತಿರುವ ಗೆಳೆಯರಿಗೆ ಹೇಳುವುದು ಇಷ್ಟೇ. ನಿಮ್ಮ ಓಡದ ಪ್ರಾಜೆಕ್ಟನ್ನು ಅಳಿಸುವ ಮುನ್ನ, ಅದರಲ್ಲಿ ಯಾವ ರೆಕ್ಕೆ ಸರಿಯಿತ್ತು, ಯಾವ ಎಂಜಿನ್ ಬರಲಿಲ್ಲ, ಯಾವ ಪ್ರಶ್ನೆಯನ್ನು ನೀವೇ ಕೇಳದೆ ಬಿಟ್ಟಿರಿ ಎಂದು ಒಂದು ಹಾಳೆಯಲ್ಲಿ ಬರೆದು ನೋಡಿ. ಮೂರೂ ಬೇರೆ ಬೇರೆ. ಎಂಜಿನ್ ಬರದಿದ್ದುದಕ್ಕೆ ರೆಕ್ಕೆ ಮಾಡಿದವರು ನಾಚಬೇಕಿಲ್ಲ. ಕೇಳದೆ ಬಿಟ್ಟ ಪ್ರಶ್ನೆಯ ಹೊಣೆಯನ್ನು ಮಾತ್ರ ನಾವೇ ಹೊರಬೇಕು.

ಈ ವರ್ಷ ಕಾರು ಕಟ್ಟುವ ಸರದಿ ಜೂನಿಯರ್‌ಗಳದ್ದು. ಮೊನ್ನೆ ಸಂಜೆ ಹಲಸೂರಿನ ಹಾರ್ಡ್‌ವೇರ್ ಅಂಗಡಿಯೊಂದರ ಮುಂದೆ ನಿಂತು ಒಬ್ಬ ಫೋನ್ ಮಾಡಿದ್ದ. ‘ಅಕ್ಕಾ, ಪಿವಿಸಿ ಪೈಪ್ ಒಂದಿಂಚಿಂದು ತರೋದಾ, ಮುಕ್ಕಾಲಿಂಚಿಂದಾ?’

‘ಒಂದಿಂಚಿಂದು ತಗೋ. ಹಾಗೇ ಬ್ರಾಕೆಟ್‌ಗೆ ಒಂದು ತುಂಡು ಜಾಸ್ತಿ ತಗೋ’ ಎಂದೆ.