ಚಾಕೊಲೇಟ್ ಮ್ಯೂಸಿಯಂ ನೋಡುವ ಮುನ್ನ ಒಮ್ಮೆ ತೋಟಕ್ಕಿಳಿಯಿರಿ

ಕಾಫಿಗೆ ನಮ್ಮ ಜಿಲ್ಲೆಯಲ್ಲಿ ಮ್ಯೂಸಿಯಂ ಇದೆ. ಕಾಫಿ ಮಂಡಳಿಯದು, ಚಿಕ್ಕಮಗಳೂರಿನಲ್ಲಿ. ಬಾಳೆಹೊನ್ನೂರಿನ ಹತ್ತಿರ 1925ರಲ್ಲಿ ಶುರುವಾದ ಸಂಶೋಧನಾ ಕೇಂದ್ರವೂ ಇದೆ. ಕೊಕ್ಕೋಗೆ ಅಂಥ ಯೋಗ ಬಂದಿಲ್ಲ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಅಡಿಕೆ ತೋಟಗಳಲ್ಲಿ ಅದು ಅಲ್ಲಲ್ಲಿ ಉಪಬೆಳೆಯಾಗಿ ನಿಂತಿದೆ, ಅಷ್ಟೆ. ಮಂಗ ಮತ್ತು ಕೆಂಜಳಿಲು ತಿಂದು ಬಿಟ್ಟದ್ದು ಯಜಮಾನರಿಗೆ.

ಆದರೆ ಹೊರಗಡೆ ಚಾಕೊಲೇಟಿಗೆ ಮ್ಯೂಸಿಯಂಗಳು ಬೇಕಾದಷ್ಟಿವೆ. ನಮಗೆ ಹತ್ತಿರದ್ದು ಊಟಿಯಲ್ಲಿದೆ. ಮಕ್ಕಳ ಮನೆಗೆಂದು ಯುರೋಪಿಗೆ ಹೋಗುವ ಹಿರಿಯರನ್ನು ಮೊದಲ ಭಾನುವಾರವೇ ಕರೆದೊಯ್ಯುವುದು ಇಂಥ ಜಾಗಕ್ಕೆ. ಜರ್ಮನಿಯ ಕಲೋನ್ ನಗರದಲ್ಲಿ ರೈನ್ ನದಿಯ ದಡದಲ್ಲಿರುವ ಮ್ಯೂಸಿಯಂ 1993ರದು. ಅಲ್ಲಿ ಮೂರು ಮೀಟರ್ ಎತ್ತರದ ಚಾಕೊಲೇಟ್ ಕಾರಂಜಿಯಲ್ಲಿ ಬಿಸ್ಕತ್ತಿನ ಹಾಳೆ ಅದ್ದಿ ಕೊಡುತ್ತಾರೆ. ಜ್ಯೂರಿಚ್ ಪಕ್ಕದ ಕಿಲ್ಶ್‌ಬರ್ಗ್‌ನಲ್ಲಿ 2020ರಲ್ಲಿ ತೆರೆದ ಲಿಂಡ್ಟ್ ಕಂಪನಿಯ ಮ್ಯೂಸಿಯಂನಲ್ಲಿ ಕಾರಂಜಿ ಒಂಬತ್ತು ಮೀಟರ್ ದಾಟುತ್ತದೆ. ಬಾರ್ಸಿಲೋನಾದಲ್ಲಿ ಟಿಕೆಟ್ಟೇ ಒಂದು ಚಾಕೊಲೇಟ್. ಬೆಲ್ಜಿಯಂನ ಬ್ರೂಜ್‌ನಲ್ಲೂ ಒಂದಿದೆ. ಕಾರಂಜಿ ಫೋಟೋಕ್ಕೆ ಚೆನ್ನ. ಅದರಿಂದ ಚಾಕೊಲೇಟ್ ಬಗ್ಗೆ ತಿಳಿಯುವುದು ಏನೂ ಇಲ್ಲ.

ಎಲ್ಲಿಗೇ ಹೋಗಿ, ಕೋಣೆಗಳ ಸಾಲು ಹೆಚ್ಚುಕಮ್ಮಿ ಒಂದೇ. ಮೊದಲು ಅಮೆರಿಕ ಖಂಡ. ಈಕ್ವೆಡಾರಿನಲ್ಲಿ ಸುಮಾರು 5,300 ವರ್ಷ ಹಿಂದೆಯೇ ಜನ ಕೊಕ್ಕೋ ಬಳಸುತ್ತಿದ್ದರು. ಮಾಯಾ, ಅಜ್ಟೆಕ್ ಜನ ಅದನ್ನು ಅರೆದು, ಮೆಣಸಿನಕಾಯಿ ಬೆರೆಸಿ, ನೊರೆ ಬರಿಸಿ ಕುಡಿಯುತ್ತಿದ್ದರು. ಬೀಜ ನಾಣ್ಯವಾಗಿಯೂ ಓಡುತ್ತಿತ್ತು. ಎರಡನೆಯದು ಸ್ಪೇನಿನವರು ಒಯ್ದ ಮೇಲಿನ ಯುರೋಪು: ಸಕ್ಕರೆ, ಪಿಂಗಾಣಿ ಬಟ್ಟಲು, ಅರಮನೆಯ ಚಿತ್ರ. ಇಲ್ಲಿ ಬೇಗ ನಡೆಯಿರಿ.

ಯಂತ್ರಗಳ ಕೋಣೆಯಲ್ಲಿ ಮಾತ್ರ ನಿಲ್ಲಬೇಕು. ನಾವು ಇಂದು ತಿನ್ನುವ ಚಾಕೊಲೇಟ್ ಹುಟ್ಟಿದ್ದು ಅಲ್ಲೇ. 1828ರಲ್ಲಿ ಹಾಲೆಂಡಿನ ವಾನ್ ಹೌಟೆನ್ ಮನೆತನದ ಒತ್ತುಯಂತ್ರ ಬಂತು. ಹುರಿದ ಬೀಜದಲ್ಲಿ ಅರ್ಧಕ್ಕೂ ಮಿಕ್ಕಿ ಕೊಬ್ಬು. ಅದನ್ನು ಒತ್ತಿ ತೆಗೆದರೆ ಒಂದು ಕಡೆ ಕೊಕ್ಕೋ ಬೆಣ್ಣೆ, ಇನ್ನೊಂದು ಕಡೆ ಪುಡಿ ಮಾಡಬಹುದಾದ ಹಿಂಡಿ. ಹೀಗೆ ಬೇರೆಯಾದ ಬೆಣ್ಣೆಯನ್ನು ಅರೆದ ಬೀಜಕ್ಕೆ ಮತ್ತೆ ಸೇರಿಸಿ, 1847ರಲ್ಲಿ ಇಂಗ್ಲೆಂಡಿನ ಫ್ರೈ ಕಂಪನಿ ಕಚ್ಚಿ ತಿನ್ನುವ ಬಾರ್ ಮಾಡಿತು. 1875ರಲ್ಲಿ ಸ್ವಿಟ್ಜರ್ಲೆಂಡಿನ ಡೇನಿಯಲ್ ಪೀಟರ್ ಹಾಲು ಕೂಡಿಸಿದ. 1879ರಲ್ಲಿ ರೊಡಾಲ್ಫ್ ಲಿಂಡ್ಟ್ ಚಾಕೊಲೇಟನ್ನು ಗಂಟೆಗಟ್ಟಲೆ ತಿರುವುವ ಯಂತ್ರ ಕಂಡುಹಿಡಿದ. ಹುಳಿ ವಾಸನೆ ಹಾರಿಹೋಗಿ, ನಾಲಿಗೆಗೆ ಮರಳು ಮರಳಾಗಿ ಸಿಗುತ್ತಿದ್ದದ್ದು ನುಣುಪಾಯಿತು.

ಮರಕ್ಕೂ ಈ ಯಂತ್ರಗಳಿಗೂ ನಡುವೆ ಹಲವು ದಿನಗಳ ಕೆಲಸವಿದೆ. ಬಹಳಷ್ಟು ಮ್ಯೂಸಿಯಂಗಳಲ್ಲಿ ಅದು ಗೋಡೆಯ ಮೇಲಿನ ಒಂದು ಫಲಕ. ರುಚಿಯ ಅರ್ಧ ತೀರ್ಮಾನವಾಗುವುದು ಆ ದಿನಗಳಲ್ಲೇ. ಆ ಫಲಕದಲ್ಲಿರುವುದನ್ನು ಮಲೆನಾಡಿನವರು ಓದುವ ಬದಲು ತೋಟದಲ್ಲೇ ನೋಡಬಹುದು.

ಕೊಕ್ಕೋ ಇರುವ ನೆಂಟರ ತೋಟಕ್ಕೆ ಹೋಗಿ. ಹೂವು ಹಲಸಿನ ಹಾಗೆ ಕಾಂಡದಿಂದಲೇ ಹೊರಡುತ್ತದೆ, ಉಗುರಿನಷ್ಟು ಸಣ್ಣದು. ಪರಾಗ ಸಾಗಿಸುವುದು ಜೇನಲ್ಲ, ಕಣ್ಣಿಗೆ ಸರಿಯಾಗಿ ಕಾಣದ ನೊರಜು. ತರಗೆಲೆ ಕೊಳೆಯುವ ತೇವದಲ್ಲಿ ಅದರ ಸಂತಾನ ಬೆಳೆಯುವುದರಿಂದ ಬುಡ ತೀರಾ ಗುಡಿಸಿದ ತೋಟದಲ್ಲಿ ಕಾಯಿ ಕಚ್ಚುವುದು ಕಡಿಮೆ. ಕಾಯಿ ಬಲಿಯಲು ಐದಾರು ತಿಂಗಳು. ಹಸಿರು ಕಾಯಿ ಹಳದಿಗೆ ತಿರುಗಿದರೆ, ಅಲುಗಿಸಿದಾಗ ಒಳಗೆ ಬೀಜ ಆಡಿದರೆ ಹಣ್ಣಾಗಿದೆ. ಕತ್ತಿ ಹಾಕಬೇಡಿ, ಬೀಜಕ್ಕೆ ಪೆಟ್ಟಾಗುತ್ತದೆ. ಮರದ ಕೊರಡಿಗೆ ಬಡಿದು ಒಡೆಯಬೇಕು. ಮೂವತ್ತು ನಲವತ್ತು ಬೀಜ, ಸುತ್ತಲೂ ಬಿಳಿ ಲೋಳೆ. ಲೋಳೆ ಚೀಪಿ: ಸಿಹಿ, ಮೇಲಿಂದ ಹುಳಿ. ಆಮೇಲೆ ಬೀಜ ಕಚ್ಚಿ. ಒಳಗೆ ನೇರಳೆ ಬಣ್ಣ, ಕಹಿ, ಬಾಯೆಲ್ಲ ಒಗರು. ಚಾಕೊಲೇಟಿನ ವಾಸನೆ ಒಂದಿಷ್ಟೂ ಇರುವುದಿಲ್ಲ. ಮುಂದೆ ರುಚಿ ನೋಡುವಾಗ ಈ ಒಗರು ನೆನಪಿನಲ್ಲಿರಲಿ.

ವಾಸನೆ ಹುಟ್ಟುವುದು ಹುದುಗಿನಲ್ಲಿ. ಹಸಿ ಬೀಜವನ್ನು ಲೋಳೆ ಸಮೇತ ಪೆಟ್ಟಿಗೆಯಲ್ಲೋ ಬುಟ್ಟಿಯಲ್ಲೋ ತುಂಬಿ, ಬಾಳೆ ಎಲೆ, ಗೋಣಿ ಮುಚ್ಚಿ, ಐದಾರು ದಿನ ಬಿಡುತ್ತಾರೆ. ನಡುವೆ ಮಗುಚಿ ಹಾಕುತ್ತಾರೆ. ಲೋಳೆಯ ಸಕ್ಕರೆ ಮೊದಲು ಮದ್ಯವಾಗಿ, ಆಮೇಲೆ ವಿನೆಗರಿನ ಆಮ್ಲವಾಗುತ್ತದೆ. ರಾಶಿ 45ರಿಂದ 50 ಡಿಗ್ರಿಯವರೆಗೆ ಬಿಸಿಯೇರುತ್ತದೆ, ಕೈ ಹಾಕಿದರೆ ಗೊತ್ತಾಗುತ್ತದೆ. ಬಿಸಿಗೂ ಆಮ್ಲಕ್ಕೂ ಮೊಳಕೆ ಸಾಯುತ್ತದೆ, ಒಗರು ಇಳಿಯುತ್ತದೆ, ಹುರಿದಾಗ ಘಮವಾಗಬೇಕಾದ ಸತ್ವಗಳು ತಯಾರಾಗುತ್ತವೆ. ಹುದುಗು ಬಾರದ ಬೀಜವನ್ನು ಎಂಥ ಸ್ವಿಸ್ ಯಂತ್ರಕ್ಕೆ ಹಾಕಿದರೂ ಒಳ್ಳೆಯ ಚಾಕೊಲೇಟ್ ಆಗುವುದಿಲ್ಲ. ಒಣಗಿದ ಬೀಜವನ್ನು ಸೀಳಿದರೆ ಹುದುಗಿನ ಗುಣ ಗೊತ್ತಾಗುತ್ತದೆ. ಕಂದು ಬಣ್ಣ, ಒಳಗೆ ಬಿರುಕು ಇದ್ದರೆ ಒಳ್ಳೆಯದು. ನೇರಳೆ ಉಳಿದಿದ್ದರೆ ಅರೆಬರೆ. ಸ್ಲೇಟಿನ ಬೂದು ಬಣ್ಣವಿದ್ದರೆ ಹುದುಗೇ ಬಂದಿಲ್ಲ.

ನಮ್ಮ ಕಡೆ ತೊಡಕು ಒಣಗಿಸುವುದರಲ್ಲಿ. ಬೀಜ ಆರೇಳು ಶೇಕಡಾ ತೇವಕ್ಕೆ ಇಳಿಯಬೇಕು, ಆದರೆ ಜೂನ್ ಕಳೆದ ಮೇಲೆ ಆಗುಂಬೆಯ ಸೆರಗಿನ ಈ ಊರುಗಳಲ್ಲಿ ಬಿಸಿಲೆಲ್ಲಿದೆ? ಒಲೆಯ ಮೇಲಿನ ಅಟ್ಟಕ್ಕೆ ಹಾಕಿದರೆ ಒಣಗುತ್ತದೆ ನಿಜ, ಹೊಗೆ ಕೊಬ್ಬಿಗೆ ಹಿಡಿದು ಚಾಕೊಲೇಟಿನವರೆಗೂ ಹೋಗುತ್ತದೆ. ಅದಕ್ಕೇ ಹಸಿ ಬೀಜವನ್ನೇ ಮಾರುವ ರೂಢಿ. ಮೂರು ಕಿಲೋ ಹಸಿಗೆ ಸುಮಾರು ಒಂದು ಕಿಲೋ ಒಣ ಬೀಜ ಎಂಬ ಲೆಕ್ಕ. ಮಳೆಗಾಲದಲ್ಲಿ ಕಾಯಿ ಕಪ್ಪಾಗಿ ಕೊಳೆಯುವುದೂ ಇದೆ; ಅಡಿಕೆಯ ಕೊಳೆರೋಗದ ಜಾತಿಯದೇ ರೋಗಾಣು, ಮದ್ದೂ ಅದೇ ಬೋರ್ಡೋ ದ್ರಾವಣ. ಹಳದಿ ಎಲೆ ರೋಗದಿಂದ ಅಡಿಕೆ ಸೋತ ತೋಟಗಳಲ್ಲಿ ಬದಲಿ ಬೆಳೆಯ ಮಾತು ಬಂದಾಗ ಕಾಫಿ, ಮೆಣಸಿನ ಜೊತೆ ಕೊಕ್ಕೋದ ಹೆಸರೂ ಬರುತ್ತದೆ. 2024ರಲ್ಲಿ ಜಾಗತಿಕ ಬೆಲೆ ಟನ್ನಿಗೆ ಹತ್ತು ಸಾವಿರ ಡಾಲರ್ ದಾಟಿದಾಗ ಆ ಮಾತು ಜೋರಾಗಿತ್ತು.

ಯಂತ್ರದ ಭಾಗ ನೋಡಲು ಯುರೋಪಿಗೇ ಹೋಗಬೇಕೆಂದಿಲ್ಲ. ಘಟ್ಟ ಇಳಿದರೆ ಪುತ್ತೂರು. 1980ರ ಆಸುಪಾಸಿನಲ್ಲಿ ಕೊಕ್ಕೋ ಬೆಲೆ ಕುಸಿದು, ಕೊಳ್ಳುವವರಿಲ್ಲದೆ ರೈತರು ಮರ ಕಡಿಯುವ ಸ್ಥಿತಿ ಬಂದಾಗ ಕೊಳ್ಳಲು ಮುಂದಾದದ್ದು ಕ್ಯಾಂಪ್ಕೋ. 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಅಡಿಕೆಗಾಗಿ ಕಟ್ಟಿದ ಸಹಕಾರಿ ಅದು. ಕೊಂಡ ಬೀಜಕ್ಕೆ ದಾರಿ ಬೇಕಲ್ಲ, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆದರು. ಬೆಳೆಗಾರರದೇ ಕಾರ್ಖಾನೆ ಎಂಬುದು ಕೊಕ್ಕೋದ ಲೋಕದಲ್ಲಿ ಅಪರೂಪ. ನನ್ನ ಮಟ್ಟಿಗೆ ಕಲೋನಿನ ಕಾರಂಜಿಗಿಂತ ಇದು ದೊಡ್ಡ ಪ್ರದರ್ಶನ.

ಶೃಂಗೇರಿಯಿಂದ ಕೆರೆಕಟ್ಟೆ, ಎಸ್.ಕೆ. ಬಾರ್ಡರ್, ಮಾಳ ಘಾಟಿ ದಾಟಿ ಬಜಗೋಳಿ. ಅಲ್ಲಿಂದ ನಾರಾವಿ, ಗುರುವಾಯನಕೆರೆ, ಉಪ್ಪಿನಂಗಡಿ ಮೇಲೆ ಪುತ್ತೂರು. ದಾರಿ ಕುದುರೆಮುಖದ ಕಾಡಿನೊಳಗೆ ಹೋಗುವುದರಿಂದ ಹಗಲಲ್ಲೇ ದಾಟುವುದು ಒಳ್ಳೆಯದು. ಕ್ಯಾಂಪ್ಕೋ ಟಿಕೆಟ್ ಕೊಟ್ಟು ನುಗ್ಗುವ ಜಾಗವಲ್ಲ, ದುಡಿಯುವ ಕಾರ್ಖಾನೆ. ಮೊದಲೇ ಪತ್ರ ಬರೆದೋ ಫೋನ್ ಮಾಡಿಯೋ ಅನುಮತಿ ಕೇಳಿ. ಶಾಲೆ, ಸಂಘದ ಗುಂಪಾಗಿ ಕೇಳಿದರೆ ಅನುಕೂಲ. ಹತ್ತಿರದ ವಿಟ್ಲದಲ್ಲಿ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ. ಕೊಕ್ಕೋ ತಳಿ, ಕಸಿ, ಸವರುವಿಕೆ ಬಗ್ಗೆ ಕೇಳಬೇಕೆನ್ನುವವರು ಅಲ್ಲಿಗೂ ಹೋಗಬಹುದು. ಬೀಜದಿಂದ ಬಾರ್ ತನಕ ಒಂದೇ ಸೂರಿನಡಿ ಸಣ್ಣ ಪ್ರಮಾಣದಲ್ಲಿ ಮಾಡುವವರು ಬೇಕೆಂದರೆ ಮೈಸೂರಿನ ನವಿಲುನಾ ಇದೆ.

ಇನ್ನು ರುಚಿ ನೋಡುವ ಮೇಜು. ಹೊಟ್ಟೆ ತುಂಬಿಸಿಕೊಂಡು ಹೋಗಬೇಡಿ. ಎಲೆ ಅಡಿಕೆ ಹಾಕಿಕೊಂಡಂತೂ ಬೇಡವೇ ಬೇಡ, ಆ ಒಗರಿನ ಮೇಲೆ ಇನ್ನೊಂದು ಒಗರು ತಿಳಿಯುವುದಿಲ್ಲ. ಕುಡಿಯಲು ಉಗುರು ಬೆಚ್ಚಗಿನ ನೀರಿರಲಿ. ತಣ್ಣೀರಿಗೆ ಕೊಕ್ಕೋ ಬೆಣ್ಣೆ ನಾಲಿಗೆಯ ಮೇಲೇ ಗಟ್ಟಿಯಾಗುತ್ತದೆ. ಮೊದಲು ಕಪ್ಪು ಚಾಕೊಲೇಟ್, ಹಾಲಿನದು ಕೊನೆಗೆ ಎಂಬುದು ನನ್ನ ಕ್ರಮ. ಕೆಲವು ಕಡೆ ತಿರುವುಮುರುವು ಮಾಡುತ್ತಾರೆ. ಆದರೆ ಸಿಹಿ ತಿಂದ ಬಾಯಿಗೆ ಕಹಿ ಇನ್ನಷ್ಟು ಕಹಿಯಾಗುತ್ತದೆ.

ತುಂಡನ್ನು ಮುರಿದು ನೋಡಿ. ಟಕ್ಕೆಂದು ಮುರಿದು ಹೊಳಪಿದ್ದರೆ ಹದ ಸರಿ. ಕೊಕ್ಕೋ ಬೆಣ್ಣೆ ಹಲವು ಬಗೆಯ ಹರಳಾಗಿ ಗಟ್ಟಿಯಾಗಬಲ್ಲದು. ಬೇಕಾದ್ದು 34 ಡಿಗ್ರಿ ಹತ್ತಿರ ಕರಗುವ ಒಂದೇ ಬಗೆ. ಅದಕ್ಕಾಗಿಯೇ ಕರಗಿಸಿ, 27-28ಕ್ಕೆ ತಣಿಸಿ, ಮತ್ತೆ 31-32ಕ್ಕೆ ಏರಿಸುವ ಆಟ. ಕೈಯಲ್ಲಿ ಗಟ್ಟಿಯಿದ್ದದ್ದು ಬಾಯಲ್ಲಿ ಕರಗುವುದು ಈ ಕಾರಣಕ್ಕೆ. ಮೂಸಿ, ನಾಲಿಗೆಯ ಮೇಲಿಟ್ಟು, ಅಗಿಯದೆ ಕಾಯಿರಿ. ಮೊದಲು ಸಿಹಿ, ಹಿಂದೆಯೇ ಹುಳಿ, ಆಮೇಲೆ ಕಹಿ, ಕೊನೆಗೆ ಒಗರು. ಕಹಿ ನಾಲಿಗೆಯದು, ಒಗರು ಕೆನ್ನೆಯ ಒಳಗೆಲ್ಲ ಒಣಗಿದಂತಾಗುವುದು. ಹೊರಗಿನವರಿಗೆ ಈ ವ್ಯತ್ಯಾಸ ಹೇಳಿಕೊಡಬೇಕು, ಅಡಿಕೆಯ ಚೊಗರು ಕಾಯಿಸುವ ನಾಡಿನವರಿಗೆ ಬೇಡ. ಹೊಗೆ ಬಂದರೆ ಯಾರದೋ ಅಟ್ಟ, ಕಟುವಾದ ಒಗರು ಬಂದರೆ ಅವಸರದ ಹುದುಗು ಎಂದು ಊಹಿಸಬಹುದು.

ಮ್ಯೂಸಿಯಂನ ಕೊನೆಯ ಕೋಣೆ ಯಾವಾಗಲೂ ಅಂಗಡಿ. ಕೊಳ್ಳುವ ಮೊದಲು ಹಿಂಬದಿಯ ಚೀಟಿ ಓದಿ. ಕೊಕ್ಕೋ ಬೆಣ್ಣೆಯ ಬದಲು ತಾಳೆಯಂಥ ಸಸ್ಯಕೊಬ್ಬು ಮುಂದೆ ನಿಂತಿದ್ದರೆ ಅದು ಕಾಂಪೌಂಡ್. ಅಗ್ಗ, ಹದದ ತಾಪತ್ರಯವಿಲ್ಲ, ಬಾಯಲ್ಲಿ ಮೇಣದಂತೆ ಉಳಿಯುತ್ತದೆ. ಪ್ರವಾಸಿ ಊರುಗಳ ಹೋಮ್‌ಮೇಡ್ ಚಾಕೊಲೇಟ್ ಬಹುಪಾಲು ಎಲ್ಲೋ ತಯಾರಾದ ಗಟ್ಟಿಯನ್ನು ಕರಗಿಸಿ ಅಚ್ಚಿಗೆ ಹೊಯ್ದದ್ದು. ತಿನ್ನಲು ಅಡ್ಡಿಯಿಲ್ಲ, ಬೀಜದ ರುಚಿ ಹುಡುಕಬೇಡಿ ಅಷ್ಟೆ.

ಮನೆಗೆ ತಂದದ್ದನ್ನು ಗಾಳಿಯಾಡದ ಡಬ್ಬಿಯಲ್ಲಿಡಿ, ಮೆಣಸು, ಏಲಕ್ಕಿಯಿಂದ ದೂರ. ಕೊಬ್ಬು ವಾಸನೆ ಹೀರುತ್ತದೆ. ಮಳೆಗಾಲದಲ್ಲಿ ಫ್ರಿಜ್ಜಿನಿಂದ ತೆಗೆದು ಕೂಡಲೇ ಬಿಚ್ಚಿದರೆ ಮೇಲೆ ನೀರು ಕೂತು, ಒಣಗಿದಾಗ ಸಕ್ಕರೆಯ ಬಿಳಿ ಪೊರೆ ಕಟ್ಟುತ್ತದೆ. ಡಬ್ಬಿ ಸಮೇತ ಹೊರಗಿಟ್ಟು, ತಣುಪು ಇಳಿದ ಮೇಲೆ ತೆರೆಯಿರಿ. ಬಿಸಿಗೆ ಮೆತ್ತಗಾಗಿ ಮತ್ತೆ ಗಟ್ಟಿಯಾದರೂ ಬಿಳಿ ಬರುತ್ತದೆ, ಅದು ಕೊಬ್ಬು. ಎರಡೂ ಬೂಷ್ಟಲ್ಲ, ತಿನ್ನಬಹುದು. ನಾಯಿಗೆ ಮಾತ್ರ ಹಾಕಬೇಡಿ, ಕೊಕ್ಕೋದ ಥಿಯೋಬ್ರೋಮಿನ್ ಅದಕ್ಕೆ ವಿಷ.